ಅಕ್ಕನನ್ನು ಕೇಳಿ: ಇಂಗ್ಲೆಂಡಿನಲ್ಲಿ ಬಸಿರು, ಬಾಣಂತನ

ಪ್ರಶ್ನೆ: ಅಕ್ಕಾ, ಮದುವೆಯಾಗಿ ದಾವಣಗೆರೆಯಿಂದ ಲೆಸ್ಟರ್‌ಗೆ ಬಂದಿದ್ದೇನೆ. ಯಜಮಾನರದ್ದು ಸ್ಕಿಲ್ಡ್ ವರ್ಕರ್ ವೀಸಾ, ನನ್ನದು ಡಿಪೆಂಡೆಂಟ್. ನನಗೀಗ ಎರಡು ತಿಂಗಳು. ವೀಸಾದಲ್ಲಿ ‘ನೋ ಪಬ್ಲಿಕ್ ಫಂಡ್ಸ್’ ಎಂದಿದೆ. ಸರ್ಕಾರಿ ಆಸ್ಪತ್ರೆಗೆ ಹೋದರೆ ಮುಂದೆ ಪಿಆರ್‌ಗೆ (ಇಲ್ಲೇ ಕಾಯಂ ನೆಲೆಸುವ ಪರವಾನಗಿಗೆ) ತೊಂದರೆ ಅಂತ ಇವರ ಸ್ನೇಹಿತರು ಹೆದರಿಸಿದ್ದಾರೆ. ಜಿಪಿ (ಫ್ಯಾಮಿಲಿ ಡಾಕ್ಟರ್) ಕ್ಲಿನಿಕ್ಕಿನಲ್ಲಿ ವಿಳಾಸದ ಪುರಾವೆಗೆ ನನ್ನ ಹೆಸರಿನ ಬಿಲ್ ತನ್ನಿ ಎಂದರು. ಎಲ್ಲ ಬಿಲ್ಲೂ ಇವರ ಹೆಸರಿನಲ್ಲೇ ಇವೆ. ಏನು ಮಾಡಲಿ?
– ಹೆಸರು ಬೇಡ, ಲೆಸ್ಟರ್

ಉತ್ತರ: ತಂಗಿ, ಆ ಸ್ನೇಹಿತರಿಗೆ ಒಂದು ಲೋಟ ಚಹಾ ಕೊಟ್ಟು ಕಳಿಸಿ. ಮಾತು ಮಾತ್ರ ಕೇಳಬೇಡಿ. ಪಬ್ಲಿಕ್ ಫಂಡ್ಸ್ ಅಂದರೆ ಚೈಲ್ಡ್ ಬೆನಿಫಿಟ್, ಯೂನಿವರ್ಸಲ್ ಕ್ರೆಡಿಟ್, ಕೌನ್ಸಿಲ್ ಮನೆ ಇಂಥವು. ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಆ ಪಟ್ಟಿಯಲ್ಲೇ ಇಲ್ಲ. ವೀಸಾ ಹಾಕುವಾಗ ಅದಕ್ಕೆಂದೇ ಹೆಲ್ತ್ ಸರ್ಚಾರ್ಜ್ ಕಟ್ಟಿದ್ದೀರಲ್ವಾ? 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ ತಲಾ 1,035 ಪೌಂಡ್. ಮೂರು ವರ್ಷದ ವೀಸಾ ಆದರೆ ಇಬ್ಬರಿಗೆ 6,210. ಅಷ್ಟು ದುಡ್ಡು ಮುಂಗಡ ಕಟ್ಟಿ, ಈಗ ಸುಮ್ನೆ ಮನೆಯಲ್ಲಿ ಹೆದರಿ ಕೂರೋದು ಯಾಕೆ? ತಪಾಸಣೆ, ಸ್ಕ್ಯಾನ್, ಹೆರಿಗೆ, ಸಿಸೇರಿಯನ್ ಆದರೂ ಸರಿ, ಯಾವುದಕ್ಕೂ ಬಿಲ್ ಬರುವುದಿಲ್ಲ.

ಜಿಪಿಯಲ್ಲಿ ಹೆಸರು ಬರೆಸಲು ವಿಳಾಸದ ಪುರಾವೆ, ಪಾಸ್‌ಪೋರ್ಟ್ ಕಡ್ಡಾಯವಲ್ಲ. ಇದು ಎನ್‌ಎಚ್‌ಎಸ್‌ನದ್ದೇ ನಿಯಮ. ಕೌಂಟರಿನಲ್ಲಿ ಕೂತವರಿಗೆ ಗೊತ್ತಿಲ್ಲದಿದ್ದರೆ ಪ್ರಾಕ್ಟೀಸ್ ಮ್ಯಾನೇಜರ್ ಅವರನ್ನು ಕೇಳಿ. ಅಲ್ಲಿಯವರೆಗೆ ಕಾಯಲೂ ಬೇಡಿ. ಹತ್ತಿರದ ಹೆರಿಗೆ ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಬಸಿರು, ಹೆರಿಗೆ ನೋಡಿಕೊಳ್ಳುವ ಮಿಡ್‌ವೈಫ್‌ಗೆ ನೀವೇ ನೇರವಾಗಿ ಹೆಸರು ಕೊಡಬಹುದು. ಹತ್ತು ವಾರದೊಳಗೆ ಮೊದಲ ಭೇಟಿ ಆಗಬೇಕು. ನಿಮಗೆ ಆಗಲೇ ಎರಡು ತಿಂಗಳು, ಇವತ್ತೇ ಮಾಡಿ.

ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿ ಬೇಕು ಅಂತ ಮೊದಲೇ ಹೇಳಿ. ಅದೂ ಪುಕ್ಕಟೆ. ನಾನು ಇಲ್ಲಿ ಮಿಡ್‌ವೈಫ್ ಆಗಿದ್ದಾಗ ರಾಯಚೂರು ಕಡೆಯ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಪಕ್ಕದಲ್ಲಿ ಗಂಡ. ಏನು ಕೇಳಿದರೂ ಅವನದೇ ಉತ್ತರ: ‘ಶಿ ಈಸ್ ಫೈನ್’. ಇವಳು ತಲೆ ಆಡಿಸುವಳು. ನಾನೇ ಕನ್ನಡದಲ್ಲಿ ಕೇಳಿದರೂ ಅವನ ಮುಖ ನೋಡುವಳು. ಒಂದು ಸಲ ಅವನನ್ನು ಹೊರಗೆ ಕೂರಿಸಿ, ದುಭಾಷಿಗೆ ಕರೆ ಮಾಡಿ, ಫೋನನ್ನು ಸ್ಪೀಕರ್‌ಗೆ ಹಾಕಿ ಮೇಜಿನ ಮೇಲಿಟ್ಟೆ. ಆ ಕಡೆಯಿಂದ ಹೆಂಗಸಿನ ದನಿ, ‘ಹೇಳ್ರೀ ಅಕ್ಕಾ, ಏನ್ ತ್ರಾಸ್ ಐತಿ?’ ಅಂದಿತು. ಆಗ ಬಾಯಿ ಬಿಟ್ಟಳು. ವಾರದಿಂದ ಉರಿಮೂತ್ರ, ಜ್ವರ ಬಂದು ಹೋಗುತ್ತಿದೆ. ಬಸುರಿಯಲ್ಲಿ ಅದು ಕಿಡ್ನಿಗೆ ಏರಬಹುದು, ದಿನ ತುಂಬುವ ಮೊದಲೇ ನೋವು ಬರಬಹುದು. ಅದಕ್ಕೇ ಹೇಳುವುದು, ಯಜಮಾನರು ಜೊತೆಗೆ ಬರಲಿ, ದುಭಾಷಿ ಕೆಲಸ ಅವರಿಗೆ ಬೇಡ. ಒಂದಲ್ಲ ಒಂದು ಸಲ ಮಿಡ್‌ವೈಫ್ ನಿಮ್ಮ ಯಜಮಾನರನ್ನು ಆಚೆ ಕಳಿಸಿ, ಮನೆಯಲ್ಲಿ ಹೊಡೆತ ಬಡಿತ ಏನಾದರೂ ಇದೆಯಾ ಅಂತ ಕೇಳುತ್ತಾರೆ. ಗಾಬರಿ ಬೇಡ, ಎಲ್ಲರಿಗೂ ಕೇಳುವ ಪ್ರಶ್ನೆ ಅದು.

ಇಂಗ್ಲೆಂಡಿನಲ್ಲಿ ಚೀಟಿಯ ಒಂದೊಂದು ಔಷಧಿಗೂ 9.90 ಪೌಂಡ್. ಬಸುರಿಯರಿಗೆ ಇಲ್ಲ. ಮಿಡ್‌ವೈಫ್ ಹತ್ತಿರ ಮೆಟರ್ನಿಟಿ ಎಕ್ಸೆಂಪ್ಷನ್ ಸರ್ಟಿಫಿಕೇಟ್ ಕೇಳಿ. ಹೆರಿಗೆಯಾಗಿ 12 ತಿಂಗಳವರೆಗೆ ನಡೆಯುತ್ತದೆ. ಎನ್‌ಎಚ್‌ಎಸ್ ಹಲ್ಲಿನ ಡಾಕ್ಟರಿಗೂ ಅಷ್ಟೇ.

ಎಚ್ಚರ ಬೇಕಾದದ್ದು ಬೇರೆ ಕಡೆ. ನಿಮ್ಮಿಬ್ಬರದೂ ಇಂಥ ವೀಸಾ ಆದ್ದರಿಂದ ಇಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಬ್ರಿಟಿಷ್ ಆಗುವುದಿಲ್ಲ. ಮೊದಲ ಮೂರು ತಿಂಗಳು ಅದರ ಚಿಕಿತ್ಸೆ ನಿಮ್ಮ ಲೆಕ್ಕದಲ್ಲೇ ಪುಕ್ಕಟೆ. ಅಷ್ಟರೊಳಗೆ ಪಾಸ್‌ಪೋರ್ಟ್ ಮಾಡಿಸಿ ವೀಸಾಕ್ಕೆ ಹಾಕಿಬಿಡಿ. ಚೈಲ್ಡ್ ಬೆನಿಫಿಟ್‌ಗೆ ಮಾತ್ರ ಅರ್ಜಿ ಹಾಕಬೇಡಿ. ವೀಸಾಕ್ಕೆ ಪೆಟ್ಟು ಬಿದ್ದರೆ ಅಲ್ಲಿಂದ ಬೀಳುತ್ತದೆ, ಆಸ್ಪತ್ರೆಯಿಂದಲ್ಲ.

ಪ್ರಶ್ನೆ: ಮಗಳ ಬಾಣಂತನಕ್ಕೆ ವಿಸಿಟರ್ ವೀಸಾದಲ್ಲಿ ಲಂಡನ್ನಿಗೆ ಹೊರಟಿದ್ದೇನೆ. ನನಗೆ ಸಕ್ಕರೆ ಕಾಯಿಲೆ. ಅಲ್ಲಿ ಎಲ್ಲ ಫ್ರೀ, ಇನ್ಶೂರೆನ್ಸ್ ದಂಡ ಎನ್ನುತ್ತಾರೆ. ಹೌದೇ?
– ಒಬ್ಬ ತಾಯಿ, ಹಾಸನ

ಉತ್ತರ: ಅಲ್ಲ ಅಮ್ಮಾ. ಜಿಪಿ ನೋಡುವುದು ಫ್ರೀ, ಎಮರ್ಜೆನ್ಸಿ ವಿಭಾಗದಲ್ಲಿ ನೋಡುವುದೂ ಫ್ರೀ. ಅಲ್ಲಿಂದ ವಾರ್ಡಿಗೆ ಹಾಕಿಕೊಂಡರೆ ಲೆಕ್ಕ ಶುರು. ವಿಸಿಟರ್‌ಗಳಿಗೆ ಮಾಮೂಲಿ ದರದ ಒಂದೂವರೆ ಪಟ್ಟು ಬಿಲ್. 500 ಪೌಂಡ್ ಅಥವಾ ಜಾಸ್ತಿ ಬಾಕಿ ಎರಡು ತಿಂಗಳು ಉಳಿದರೆ ವೀಸಾ ಕೊಡುವ ಹೋಮ್ ಆಫೀಸಿಗೆ ವರದಿ ಹೋಗುತ್ತದೆ, ಮುಂದಿನ ವೀಸಾ ನಿಲ್ಲಬಹುದು. ಇನ್ಶೂರೆನ್ಸ್ ಮಾಡಿಸಿ. ಸಕ್ಕರೆ ಕಾಯಿಲೆಯನ್ನು ಫಾರಂನಲ್ಲಿ ಮುಚ್ಚಿಡಬೇಡಿ, ಕ್ಲೇಮ್ ಬಿದ್ದುಹೋಗುತ್ತದೆ. ಇರುವಷ್ಟು ದಿನಕ್ಕೂ ಸಾಕಾಗುವ ಮಾತ್ರೆ, ಡಾಕ್ಟರ ಚೀಟಿ ಎರಡನ್ನೂ ಕೈಚೀಲದಲ್ಲಿಡಿ. ಅಂಟಿನುಂಡೆ, ಬಾಣಂತಿ ಖಾರದಪುಡಿ ಬೇಕಾದರೆ ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿ. ಉಂಡೆಗೆ ತುಪ್ಪ ಮಾತ್ರ ಹಾಕಬೇಡಿ, ಹಾಲಿನ ಪದಾರ್ಥವನ್ನು ಅಲ್ಲಿ ಒಳಗೆ ಬಿಡುವುದಿಲ್ಲ.