ಅಭಿವೃದ್ಧಿಶೀಲ ದೇಶಗಳಿಗೆ ಇಎಸ್‌ಜಿ ಮಾನದಂಡಗಳನ್ನು ಸಡಿಲಿಸಬೇಕೇ?

ಶ್ರೀಮಂತ ದೇಶಗಳಲ್ಲಿ ರೂಪುಗೊಂಡ ಪರಿಸರ, ಸಾಮಾಜಿಕ ಮತ್ತು ಆಡಳಿತ (ಇಎಸ್‌ಜಿ) ಮಾನದಂಡಗಳನ್ನು, ಅಂದರೆ ಉದ್ಯಮವೊಂದು ಪರಿಸರ, ಕಾರ್ಮಿಕರು ಮತ್ತು ಆಡಳಿತದ ವಿಷಯದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಅಳೆಯುವ ಅಳತೆಗೋಲುಗಳನ್ನು, ಅಭಿವೃದ್ಧಿಶೀಲ ದೇಶಗಳ ಉದ್ಯಮಗಳ ಮೇಲೆ ಹಾಗೆಯೇ ಹೇರುವುದು ಸರಿಯೇ, ಇಲ್ಲವೇ ಅವಕ್ಕೆ ಬೇರೆಯದೇ ಸಡಿಲ ಮಾನದಂಡ ಬೇಕೇ ಎಂದು ನೀವು ಕೇಳಿದ್ದೀರಿ. ರಫ್ತು ಕಂಪನಿಗಳಿಗೆ ಸರಕು ಒದಗಿಸುವ ಸಣ್ಣ ಘಟಕಗಳಿಂದ ಈ ಮಾನದಂಡಗಳಿಗೆ ಬೇಕಾದ ಮಾಹಿತಿ ಸಂಗ್ರಹಿಸುವ ಕೆಲಸವನ್ನು ಕೆಲವು ವರ್ಷ ಮಾಡಿದ್ದೇನೆ. ಸಡಿಲಿಸಬೇಕಾದದ್ದು ಪುರಾವೆ ಕೇಳುವ ಬಗೆಯನ್ನು ಮತ್ತು ಅದಕ್ಕೆ ಕೊಡುವ ಗಡುವನ್ನೇ ಹೊರತು, ಕಾರ್ಮಿಕರ ಸುರಕ್ಷತೆಯನ್ನಾಗಲಿ ನದಿ ನೀರಿನ ಶುದ್ಧತೆಯನ್ನಾಗಲಿ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಟ್ಟೆಗೆ ಬಣ್ಣ ಹಾಕುವ ಒಂದು ಘಟಕದಲ್ಲಿ ಕರೆಂಟು ಹೋದಾಗಲೆಲ್ಲ ಡೀಸೆಲ್ ಜನರೇಟರ್ ಓಡುತ್ತಿತ್ತು. ಕೊಂಡ ಡೀಸೆಲ್ಲಿನ ಚೀಟಿಗಳನ್ನು ಮಾಲೀಕರು ಒಂದು ತಂತಿಗೆ ಪೋಣಿಸಿ ಗೋಡೆಗೆ ತೂಗುಹಾಕಿದ್ದರು. ಖರೀದಿದಾರರ ಪ್ರಶ್ನಾವಳಿಯು ಲೆಕ್ಕಪರಿಶೋಧಕರು ದೃಢೀಕರಿಸಿದ ಇಂಗಾಲ ಹೊರಸೂಸುವಿಕೆಯ ಅಂಕಿಯನ್ನು ಕೇಳಿದ್ದರಿಂದ, ಅವರು ಆ ಕಲಮನ್ನು ಖಾಲಿ ಬಿಟ್ಟಿದ್ದರು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆದ್ದರಿಂದ ಚೀಟಿಗಳಲ್ಲಿದ್ದ ಲೀಟರುಗಳನ್ನು ಕೂಡಿ ಗುಣಿಸಿದ್ದರೆ ಸಾಕಿತ್ತು. ಮಾಹಿತಿ ಇತ್ತು, ಅದನ್ನು ಒಪ್ಪಿಕೊಳ್ಳುವ ನಮೂನೆ ಇರಲಿಲ್ಲ.

ಇಂತಹ ಖಾಲಿ ಕಲಮಿಗೆ ಬೆಲೆ ತೆರಬೇಕಾಗುತ್ತದೆ. ಯುರೋಪಿಯನ್ ಒಕ್ಕೂಟವು ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್ ಮುಂತಾದ ಆಮದುಗಳ ಮೇಲೆ, ಅವುಗಳ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲಕ್ಕೆ ತಕ್ಕಂತೆ ವಿಧಿಸಲು ತಂದಿರುವ ಇಂಗಾಲದ ಗಡಿ ಶುಲ್ಕದ ವ್ಯವಸ್ಥೆಯಲ್ಲಿ, ಹೊರಸೂಸುವಿಕೆಯ ನಿಜವಾದ ಅಂಕಿ ಕೊಡಲಾಗದಿದ್ದರೆ ಪೂರ್ವನಿಗದಿತ ಅಂಕಿಯೊಂದಕ್ಕೆ ಇನ್ನಷ್ಟು ಸೇರಿಸಿ ಬಳಸಲಾಗುತ್ತದೆ. ಹೀಗಾಗಿ ಕಡಿಮೆ ಮಾಲಿನ್ಯ ಮಾಡುವ ಕಾರ್ಖಾನೆಯೂ, ಅದನ್ನು ಅಳೆದು ತೋರಿಸಲಾಗದ ಒಂದೇ ಕಾರಣಕ್ಕೆ, ಹೆಚ್ಚು ಮಾಲಿನ್ಯಕಾರಿ ಎಂದು ಎಣಿಕೆಯಾಗಬಹುದು.

ಹೊಂದಿಸಿಕೊಳ್ಳುವುದು ಸಾಧ್ಯ ಎಂಬುದಕ್ಕೆ ಉದಾಹರಣೆಗಳಿವೆ. ಅದೇ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮವು 4 ಹೆಕ್ಟೇರಿಗಿಂತ ದೊಡ್ಡ ಕಾಫಿ ಅಥವಾ ಕೋಕೋ ತೋಟಕ್ಕೆ ಪೂರ್ಣ ಗಡಿರೇಖೆಯನ್ನು ಕೇಳಿದರೆ, ಅದಕ್ಕಿಂತ ಚಿಕ್ಕ ಹಿಡುವಳಿಗೆ ನಕ್ಷೆಯ ಮೇಲಿನ ಒಂದೇ ಬಿಂದು ಸಾಕೆನ್ನುತ್ತದೆ; ಕಾಡು ಕಡಿಯಬಾರದೆಂಬ ಷರತ್ತು ಮಾತ್ರ ಇಬ್ಬರಿಗೂ ಒಂದೇ. ಭಾರತದಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2023ರಲ್ಲಿ ತಂದ, ಕಂಪನಿಗಳು ಇಎಸ್‌ಜಿ ಮಾಹಿತಿ ಕೊಡುವ ಬಿಆರ್‌ಎಸ್‌ಆರ್ ಕೋರ್ ನಮೂನೆಯು ವಹಿವಾಟಿಗೆ ಹೋಲಿಸಿದ ಮಾಲಿನ್ಯದ ಪ್ರಮಾಣವನ್ನು ಕೊಳ್ಳುವ ಶಕ್ತಿಯ ಸಮಾನತೆಗೆ, ಅಂದರೆ ಆಯಾ ದೇಶದ ಬೆಲೆಮಟ್ಟಕ್ಕೆ, ಹೊಂದಿಸಿ ತೋರಿಸಲು ಹೇಳುತ್ತದೆ. ಡಾಲರಿನ ಲೆಕ್ಕದಲ್ಲಿ ಅಗ್ಗವಾಗಿ ಮಾರುವ ಕಂಪನಿಯು ಆ ಕಾರಣಕ್ಕಷ್ಟೇ ಕೊಳಕಾಗಿ ಕಾಣುವುದನ್ನು ಇದು ತಕ್ಕಮಟ್ಟಿಗೆ ತಪ್ಪಿಸುತ್ತದೆ.

ಆದರೆ ಸಡಿಲಿಕೆಗೆ ಒಂದು ಗೆರೆ ಬೇಕು, ಆ ಗೆರೆಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಎಂದೋ ಎಳೆದಿದೆ. ಅದರ 1973ರ ಒಪ್ಪಂದವು ದುಡಿಮೆಯ ಕನಿಷ್ಠ ವಯಸ್ಸನ್ನು 15 ಎಂದಿಟ್ಟು, ಆರ್ಥಿಕತೆ ಮತ್ತು ಶಾಲಾ ಸೌಲಭ್ಯ ಸಾಕಷ್ಟು ಬೆಳೆಯದ ದೇಶಗಳಿಗೆ ಆರಂಭದಲ್ಲಿ 14 ಎಂದು ನಿಗದಿಪಡಿಸಿಕೊಳ್ಳಲು ಅವಕಾಶ ಕೊಟ್ಟಿತು. ಜೀತ, ಮಕ್ಕಳ ಮಾರಾಟದಂತಹ ಬಾಲಕಾರ್ಮಿಕ ಪದ್ಧತಿಯ ಅತಿ ಕ್ರೂರ ರೂಪಗಳನ್ನು ಕುರಿತ 1999ರ ಒಪ್ಪಂದದಲ್ಲಿ ಬಡ ದೇಶಕ್ಕೂ ಅಂತಹ ರಿಯಾಯಿತಿ ಇಲ್ಲ. 2020ರ ಹೊತ್ತಿಗೆ ಸಂಘಟನೆಯ ಎಲ್ಲ ಸದಸ್ಯ ರಾಷ್ಟ್ರಗಳೂ ಅದನ್ನು ಅನುಮೋದಿಸಿದ್ದವು.

ಇನ್ನು ಉಳಿಯುವುದು ಖರ್ಚಿನ ಪ್ರಶ್ನೆ. ಮೀಟರು ಅಳವಡಿಸುವ, ಲೆಕ್ಕ ತಪಾಸಣೆ ಮಾಡಿಸುವ ಹಣವನ್ನು ಸಾಮಾನ್ಯವಾಗಿ ಪೂರೈಕೆ ಸರಪಳಿಯ ಕೊನೆಯಲ್ಲಿರುವವರೇ ತೆರುತ್ತಾರೆ, ಖರೀದಿ ದರ ಮಾತ್ರ ಏರುವುದಿಲ್ಲ. ನೀವು ಯಾವುದೇ ಮಾನದಂಡವನ್ನು ಪರಿಶೀಲಿಸುವಾಗ, ಈ ವೆಚ್ಚ ಯಾರದೆಂದು ಖರೀದಿ ಒಪ್ಪಂದದಲ್ಲಿ ಬರೆದಿದೆಯೇ ಎಂಬುದನ್ನು ಮೊದಲು ನೋಡಿ.