ಕೊನೆಯ ಸಲ ಭೇಟಿಯಾಗಿ ಅರ್ಥ ಮಾಡಿಸಿದರೆ ಅವನು ಬಿಟ್ಟುಬಿಡ್ತಾನಾ?

ನೀವು ಕೇಳಿರುವುದು ಇಷ್ಟು: ಒಂದು ವರ್ಷ ಪ್ರೀತಿಸಿ, ಸರಿಹೋಗಲ್ಲ ಅಂತ ನೀವೇ ಬಿಟ್ಟ ಹುಡುಗ ನಾಲ್ಕು ತಿಂಗಳಿಂದ ಬೆನ್ನು ಬಿದ್ದಿದ್ದಾನೆ. ಬ್ಲಾಕ್ ಮಾಡಿದರೆ ಹೊಸ ನಂಬರಿನಿಂದ ಮೆಸೇಜ್. ವಿಜಯನಗರದ ನಿಮ್ಮ ಪಿಜಿ ಎದುರಿನ ಟೀ ಅಂಗಡಿ ಹತ್ತಿರ ರಾತ್ರಿ ನಿಂತಿರುತ್ತಾನೆ. "ಶನಿವಾರ ಕೊನೆಯದಾಗಿ ಒಂದ್ಸಲ ಸಿಗು, ಆಮೇಲೆ ನಿನ್ನ ತಂಟೆಗೆ ಬರಲ್ಲ" ಅಂದಿದ್ದಾನೆ. ಹೋಗಬಹುದಾ? ಅವನಿಗೆ ಮಾನಸಿಕ ಕಾಯಿಲೆ ಏನಾದರೂ ಇದೆಯಾ?

ಹೋಗಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ. ಯಾಕೆ ಅನ್ನೋದು ಆಮೇಲೆ.

ನಾನು ಬೆಂಗಳೂರಿನಲ್ಲಿ ಮನಶ್ಶಾಸ್ತ್ರಜ್ಞೆ. ಕಾಟ ಅನುಭವಿಸಿದವರು ನನ್ನ ಹತ್ತಿರ ಬರುತ್ತಾರೆ. ಕಾಟ ಕೊಟ್ಟವರನ್ನೂ ಮನೆಯವರೋ ವಕೀಲರೋ ಕರೆತರುತ್ತಾರೆ. ಕೆಲಸದ ಹೊಸತರಲ್ಲಿ ನಿಮ್ಮಂಥದ್ದೇ ಪರಿಸ್ಥಿತಿಯಲ್ಲಿದ್ದ ಒಬ್ಬ ಹುಡುಗಿಗೆ ನಾನು "ಒಂದ್ಸಲ ಎದುರಿಗೆ ಕೂತು ಸಮಾಧಾನವಾಗಿ ಹೇಳಿ ನೋಡಮ್ಮ" ಅಂದಿದ್ದೆ. ಅವಳು ಹೋದಳು. ಅವನು ಅತ್ತ, ಕ್ಷಮೆ ಕೇಳಿದ, ಹತ್ತು ದಿನ ಸುಮ್ಮನಿದ್ದ. ಹನ್ನೊಂದನೇ ದಿನ ಮೆಸೇಜ್ ಬಂತು: "ಅವತ್ತು ನೀನು ಬಂದೆ. ಮನಸ್ಸಿಲ್ಲದಿದ್ರೆ ಬರ್ತಿರಲಿಲ್ಲ." ಆಮೇಲೆ ಆರು ತಿಂಗಳು ಅವಳು ಪಟ್ಟ ಪಾಡಿಗೆ ನನ್ನ ಮಾತೂ ಕಾರಣ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ಕಾಯಿಲೆಯ ವಿಚಾರ. ಕೆಲವರಿಗೆ ನಿಜವಾಗಿಯೂ ಇರುತ್ತದೆ. ಮಾತೇ ಆಡದ ವ್ಯಕ್ತಿ ತನ್ನನ್ನು ಪ್ರೀತಿಸುತ್ತಿದ್ದಾರೆ ಅಂತ ಗಟ್ಟಿಯಾಗಿ ನಂಬುವ ಭ್ರಮೆಯೊಂದಿದೆ. ಫ್ರಾನ್ಸಿನ ವೈದ್ಯ ಕ್ಲೆರಂಬೋ 1921ರಲ್ಲಿ ಅದನ್ನು ವಿವರಿಸಿದರು. ಅಂಥವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಚಿಕಿತ್ಸೆಯೇ ಬೇಕು. ನಿಮ್ಮ ಹುಡುಗನ ಕಥೆ ಬೇರೆ ಅನ್ನಿಸುತ್ತದೆ. ದಿನಾ ಕೆಲಸಕ್ಕೆ ಹೋಗುತ್ತಾನೆ, ಹೊಯ್ಸಳ ಗಾಡಿ ಬಂದರೆ ಟೀ ಅಂಗಡಿಯಿಂದ ಜಾಗ ಖಾಲಿ ಮಾಡುತ್ತಾನೆ ಅಂತ ನೀವೇ ಬರೆದಿದ್ದೀರಿ. ಪೊಲೀಸ್ ಕಂಡರೆ ತನ್ನನ್ನು ಹಿಡಿತಕ್ಕೆ ತಂದುಕೊಳ್ಳಬಲ್ಲವನಿಗೆ ತಾನು ಏನು ಮಾಡುತ್ತಿದ್ದೇನೆ ಅನ್ನೋದು ಗೊತ್ತಿದೆ. ನೋಡದೆ ರೋಗದ ಹೆಸರು ಹೇಳುವುದು ತಪ್ಪು, ಹೇಳುವುದಿಲ್ಲ. ಒಂದು ವೇಳೆ ಇದ್ದರೂ ಚಿಕಿತ್ಸೆ ಕೊಡಿಸುವುದು ಅವನ ಮನೆಯವರ ಜವಾಬ್ದಾರಿ, ನಿಮ್ಮದಲ್ಲ.

ಮನಸ್ಸು, ಅಪರಾಧ ಎರಡನ್ನೂ ಸೇರಿಸಿ ನೋಡುವ ಫೊರೆನ್ಸಿಕ್ ಕೆಲಸದಲ್ಲಿ ನಾವು ಕೇಳುವ ಪ್ರಶ್ನೆ ಬೇರೆ. ಇವನಿಗೆ ಏನು ಬೇಕು? ಇವನನ್ನು ಏನು ನಡೆಸುತ್ತಿದೆ? ಆಸ್ಟ್ರೇಲಿಯಾದ ಪಾಲ್ ಮುಲ್ಲನ್ ಮತ್ತು ಜೊತೆಯವರು ಹೀಗೆ ಬೆನ್ನು ಬಿದ್ದ 145 ಜನರನ್ನು ಪರೀಕ್ಷಿಸಿ, 1999ರಲ್ಲಿ ಐದು ಬಗೆ ಗುರುತಿಸಿದರು. ಪ್ರೀತಿಯ ಕನಸು ಕಟ್ಟಿಕೊಂಡವರು, ಹುಡುಗಿಯನ್ನು ಮಾತಾಡಿಸಲು ಬಾರದೆ ಗಂಟುಬೀಳುವವರು, ಸೇಡಿನವರು, ಹೊಂಚು ಹಾಕಿ ದಾಳಿಗೆ ಕಾಯುವವರು. ಐದನೆಯವರು, ಸಂಬಂಧ ಮುರಿದದ್ದನ್ನು ಒಪ್ಪದವರು. ನಿಮ್ಮವನು ಬಹುಶಃ ಇಲ್ಲಿಗೆ ಸೇರುತ್ತಾನೆ.

ಇಂಥವರಲ್ಲಿ ಆಸೆ, ದ್ವೇಷ ಎರಡೂ ಕಲಸಿರುತ್ತವೆ. ಬೆಳಿಗ್ಗೆ "ಸಾರಿ ಚಿನ್ನ", ರಾತ್ರಿ ಕೆಟ್ಟ ಬೈಗುಳ. ಬೆಳಗಿನವನೇ ನಿಜವಾದವನು, ರಾತ್ರಿಯದು ಕುಡಿತದ ಮಾತು ಅಂತ ಹುಡುಗಿಯರು ಅಂದುಕೊಳ್ಳುತ್ತಾರೆ. ಇಬ್ಬರೂ ಒಬ್ಬನೇ. ಸಂಬಂಧ ಹೋದ ಮೇಲೆ ಹಿಂದೆ ಬೀಳುವುದೇ ಅವನಿಗೆ ಉಳಿದ ಸಂಬಂಧ. ನೀವು ಅತ್ತರೂ ಬೈದರೂ ಅವನ ಪಾಲಿಗೆ ನೀವು ಸಿಕ್ಕಿದಿರಿ, ಅಷ್ಟೇ. ನಲವತ್ತು ಕಾಲ್ ಬಿಟ್ಟು ನಲವತ್ತೊಂದನೆಯದನ್ನು ಎತ್ತಿ "ಯಾಕೋ ಹೀಗೆ ಸಾಯಿಸ್ತೀಯಾ" ಅಂದರೆ, ನಲವತ್ತೊಂದು ಸಲ ಮಾಡಿದರೆ ಎತ್ತುತ್ತಾಳೆ ಅನ್ನೋದನ್ನು ಅವನು ಕಲಿತ. ಶನಿವಾರದ ಭೇಟಿಯೂ ಅದೇ ಪಾಠ ಕಲಿಸುತ್ತದೆ.

ಇಷ್ಟು ದಿನ ಅವನಿಗೆ "ಬೇಡ" ಅಂತ ಬಾಯಿಮಾತಲ್ಲಷ್ಟೇ ಹೇಳಿದ್ದೀರಿ ಅಲ್ವಾ? ಒಂದೇ ಒಂದು ಸಲ ಬರೆದು ಕಳಿಸಿ: "ನಿನ್ನ ಜೊತೆ ಯಾವ ಸಂಪರ್ಕವೂ ನನಗೆ ಬೇಡ. ಫೋನ್, ಮೆಸೇಜ್ ಮಾಡಬೇಡ. ನಾನಿರುವ ಕಡೆ ಬರಬೇಡ." ಸಾರಿ ಬೇಡ, ಕಾರಣವೂ ಬೇಡ. ಕಾರಣ ಕೊಟ್ಟರೆ ವಾದಕ್ಕೆ ಬರುತ್ತಾನೆ. ಆಮೇಲೆ ಪೂರ್ತಿ ಮೌನ. ಶುರುವಿನಲ್ಲಿ ಕಾಟ ಜಾಸ್ತಿ ಆಗಬಹುದು, ಅದಕ್ಕೆ ತಯಾರಿರಿ. ಹಳೇ ಸಿಮ್ ಬಿಸಾಡಬೇಡಿ. ಸದ್ದು ತೆಗೆದು ಒಂದು ಹಳೇ ಫೋನಿನಲ್ಲಿ ಹಾಕಿಡಿ, ಬಂದದ್ದನ್ನು ನೀವಲ್ಲದೆ ಬೇರೆ ಯಾರಾದರೂ ನೋಡಲಿ. ವಾಟ್ಸಾಪ್, ಗೂಗಲ್ ಬೇರೆ ಯಾವ ಸಾಧನದಲ್ಲಿ ತೆರೆದಿವೆ ಅಂತ ಇವತ್ತೇ ನೋಡಿ.

ಎಲ್ಲವನ್ನೂ ಬರೆದಿಡಿ. ನನ್ನ ಹತ್ತಿರ ಬರುತ್ತಿದ್ದ ಒಬ್ಬಾಕೆಗೆ, ಗುರುತು ಸಿಗದಂತೆ ಹೇಳುತ್ತಿದ್ದೇನೆ, ಎಲ್ಲ ಕಡೆ ಬ್ಲಾಕ್ ಮಾಡಿದ ಮೇಲೂ ಬೆನ್ನು ಬಿದ್ದವನು ಯುಪಿಐನಲ್ಲಿ ಒಂದೊಂದೇ ರೂಪಾಯಿ ಕಳಿಸುತ್ತಿದ್ದ. ಜೊತೆಗೆ ಒಂದು ಸಾಲು: "ನೀಲಿ ಚೂಡಿದಾರ್ ಚೆನ್ನಾಗಿತ್ತು." ಆಕೆ ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಾರೀಕು, ಹೊತ್ತು, ಜಾಗ, ಯಾರು ನೋಡಿದರು ಅಂತ ಬರೆದಿಟ್ಟಿದ್ದಳು. ಮೊದಲ ಸಲ ಬರೀ ಕೈಯಲ್ಲಿ ಠಾಣೆಗೆ ಹೋದಾಗ "ನಂಬರ್ ಚೇಂಜ್ ಮಾಡಿಕೊಳ್ಳಿ" ಅಂದು ಕಳಿಸಿದ್ದರು. ಎರಡನೇ ಸಲ ನೋಟ್‌ಬುಕ್ ಮೇಜಿನ ಮೇಲಿಟ್ಟಳು. ಅದೇ ಎಸ್‌ಐ ಆರು ಪುಟ ತಿರುವಿ, ಕುರ್ಚಿ ಮುಂದಕ್ಕೆ ಎಳೆದುಕೊಂಡು, ರೈಟರನ್ನು ಕರೆದರು. ಬಿಡಿಬಿಡಿಯಾಗಿ ಹೇಳಿದರೆ ಒಂದು ರೂಪಾಯಿ, ಒಂದು ಮೆಸೇಜ್, ಸುಮ್ನೆ ನಿಂತಿದ್ದ, ಎಲ್ಲವೂ ಚಿಕ್ಕದಾಗಿಯೇ ಕಾಣುತ್ತದೆ. ಒಟ್ಟಿಗೆ ನೋಡಿದಾಗಲೇ ಅದು ಏನು ಅಂತ ಗೊತ್ತಾಗುವುದು.

ಕಾನೂನು ನಿಮ್ಮ ಕಡೆ ಇದೆ. ಮಹಿಳೆಯರ ಮೇಲಿನ ಅಪರಾಧಗಳ ಕಾನೂನು ಬಿಗಿಗೊಳಿಸಲು ನೇಮಿಸಿದ್ದ ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯ ನಂತರ, ಹೀಗೆ ಬೆನ್ನು ಬೀಳುವುದು (ಸ್ಟಾಕಿಂಗ್) 2013ರಲ್ಲಿ ಪ್ರತ್ಯೇಕ ಅಪರಾಧವಾಯಿತು. 2024ರ ಜುಲೈ 1ರಿಂದ ಅದು ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಆಸಕ್ತಿ ಇಲ್ಲ ಅಂತ ಸ್ಪಷ್ಟವಾಗಿ ತಿಳಿಸಿದ ಮೇಲೂ ಹೆಣ್ಣುಮಗಳನ್ನು ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸುವುದು ಇದರಲ್ಲಿ ಬರುತ್ತದೆ. ಅವಳ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದೂ ಬರುತ್ತದೆ. ನಿಮ್ಮ ಆ ಒಂದು ಮೆಸೇಜಿಗೆ ಇಷ್ಟು ಬೆಲೆ ಅದಕ್ಕೇ. ಮೊದಲ ಸಲ ಮೂರು ವರ್ಷದವರೆಗೆ ಶಿಕ್ಷೆ, ಮತ್ತೆ ಮಾಡಿ ಸಿಕ್ಕಿಬಿದ್ದರೆ ಐದು ವರ್ಷದವರೆಗೆ. ಆದರೆ ಮೊದಲ ಸಲದ್ದು ಜಾಮೀನು ಸಿಗುವ ಅಪರಾಧ. ಅಂದರೆ ಅವನು ಬೇಗ ಹೊರಗೆ ಬರಬಹುದು, ಸಿಟ್ಟಿನಲ್ಲೇ ಬರಬಹುದು. ಆ ವಾರ ಪಿಜಿಯಲ್ಲಿ ಇರಬೇಡಿ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಇನ್‌ಫೆಂಟ್ರಿ ರಸ್ತೆಯ ಕಮಿಷನರ್ ಕಚೇರಿಯಲ್ಲಿ ವನಿತಾ ಸಹಾಯವಾಣಿ ಇದೆ. ತುರ್ತಿಗೆ 112, ಆನ್‌ಲೈನ್ ಕಾಟದ ದೂರಿಗೆ cybercrime.gov.in.

ಹಿಂದೆ ಜೊತೆಗಿದ್ದವರೇ ಕೈಮಾಡುವ ಅಪಾಯ ಅಪರಿಚಿತರಿಗಿಂತ ಜಾಸ್ತಿ. ಮೊದಲು ಹೊಡೆದಿದ್ದರೆ, ಒಳಗೆ ನುಗ್ಗಿದ್ದರೆ, ಆಯುಧದ ಮಾತಾಡಿದರೆ ಕಾಯಬೇಡಿ. "ನೀನಿಲ್ಲದೆ ಸಾಯ್ತೀನಿ" ಅನ್ನುವುದನ್ನೂ ಪ್ರೀತಿ ಅಂದುಕೊಳ್ಳಬೇಡಿ, ಅದು ಅಪಾಯದ ಗುರುತು. ಹಾಗಂದರೆ ನಿಮ್ಮ ಕಡೆಯವರು ಯಾರಾದರೂ ಅವನ ಮನೆಯವರಿಗೆ ತಿಳಿಸಲಿ, 112ಕ್ಕೂ ಹೇಳಲಿ. ನೀವು ಅವನ ಹತ್ತಿರ ಓಡಬೇಡಿ.

ಮನೆಗೆ ಗೊತ್ತಾದರೆ ಕೆಲಸ ಬಿಡಿಸಿ ಊರಿಗೆ ಕರ್ಕೊಂಡು ಹೋಗ್ತಾರೆ ಅಂತ ಹೇಳಿಲ್ಲ ಅಂದಿದ್ದೀರಿ. ಆ ಭಯ ಸುಳ್ಳಲ್ಲ, ಎಷ್ಟೋ ಹುಡುಗಿಯರಿಗೆ ಹಾಗೇ ಆಗಿದೆ. ಅದಕ್ಕೇ ಅಪ್ಪ ಅಮ್ಮನಿಗಿಂತ ಮೊದಲು ಅಕ್ಕನಿಗೆ ಹೇಳಿ. ಪಿಜಿ ಆಂಟಿಗೂ ಆಫೀಸಿನ ಸೆಕ್ಯೂರಿಟಿಯವರಿಗೂ ಅವನ ಫೋಟೋ ಕೊಡಿ. ನಿದ್ದೆ ಬರುತ್ತಿಲ್ಲ, ಫೋನ್ ಅಲುಗಿದರೂ ಎದೆ ಹೊಡೆದುಕೊಳ್ಳುತ್ತದೆ ಅಂದರಲ್ಲ, ಅದು ನಿಮ್ಮ ದೌರ್ಬಲ್ಯ ಅಲ್ಲ. ನಾಲ್ಕು ತಿಂಗಳು ಹೀಗೆ ಬದುಕಿದರೆ ಯಾರಿಗಾದರೂ ಆಗುತ್ತದೆ. ರಾತ್ರಿ ಎಷ್ಟು ಹೊತ್ತಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಅಕ್ಕ ಕೆಂಗೇರಿಯಲ್ಲಿದ್ದಾರೆ ಅಂದಿರಿ. ಶುಕ್ರವಾರ ಆಫೀಸಿನಿಂದ ನೇರ ಅಲ್ಲಿಗೇ ಹೋಗಿ, ಶನಿವಾರ ಅಲ್ಲೇ ಇರಿ.