ಬ್ರೇಕ್ ಹಾಕಿದಾಗ ತಳ್ಳಿದವರು ಯಾರು?

ಪ್ರಶ್ನೆ: ನಾನು ಕಾಪುವಿನಿಂದ ಮಂಗಳೂರಿನ ಕಾಲೇಜಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗುತ್ತೇನೆ. ಮೊನ್ನೆ ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದಾಗ ಎದುರಿನ ಕಂಬಿಗೆ ಹಣೆ ಬಡಿದು ಬಾತುಕೊಂಡಿತು. ನಮ್ಮ ನೋಟ್ಸ್‌ನಲ್ಲಿ ಇದನ್ನು ‘ಹುಸಿ ಬಲ’ ಎಂದು ಬರೆದಿದೆ. ಹಣೆಯ ನೋವು ಹುಸಿಯಲ್ಲವಲ್ಲ? ಇನ್ನೊಂದು, ಜಡತ್ವದ ಚೌಕಟ್ಟು ಅಂದರೆ ಚಲಿಸದೆ ನಿಂತಿರುವ ಜಾಗ ಎಂದು ಬಾಯಿಪಾಠ ಮಾಡಿದ್ದೇನೆ. ಸರಿಯೇ?
– ಪಿಯುಸಿ ವಿದ್ಯಾರ್ಥಿನಿ, ಕಾಪು

ಉತ್ತರ: ನೋವು ನಿಜ ಮಗಳೇ, ಪೆಟ್ಟು ಕೊಟ್ಟ ಬಲವೂ ನಿಜ. ಆದರೆ ಅದನ್ನು ಕೊಟ್ಟದ್ದು ಕಂಬಿ. ಹಿಂದಿನಿಂದ ನಿನ್ನನ್ನು ಯಾರೂ ತಳ್ಳಲಿಲ್ಲ. ಬಸ್ಸು 60 ಕಿ.ಮೀ. ವೇಗದಲ್ಲಿದ್ದಾಗ ನಿನ್ನ ತಲೆಗೂ ಅದೇ ವೇಗ. ಬ್ರೇಕ್ ಹಿಡಿದದ್ದು ಚಕ್ರವನ್ನು. ಚಕ್ರದಿಂದ ಬಸ್ಸಿನ ನೆಲಕ್ಕೆ, ಆ ನೆಲದಿಂದ ನಿನ್ನ ಚಪ್ಪಲಿಗೆ ಆ ತಡೆ ಮುಟ್ಟಿತು. ತಲೆಗೆ ಸಾಕಷ್ಟು ಮುಟ್ಟಲಿಲ್ಲ. ತಲೆ ತನ್ನ ಪಾಡಿಗೆ ಹೋಗುತ್ತಿತ್ತು (ಜಡತ್ವ ಅಂದರೆ ಇದೇ), ಕಂಬಿ ನಿಧಾನವಾಯಿತು. ರಸ್ತೆ ಬದಿಯಲ್ಲಿ ನಿಂತು ನೋಡಿದವರಿಗೆ ಇಷ್ಟೇ ಕತೆ, ಹುಸಿ ಬಲದ ಮಾತೇ ಬೇಡ.

ಬಸ್ಸಿನೊಳಗೆ ಕೂತು ಲೆಕ್ಕ ಬರೆಯುವವರಿಗೆ ಮಾತ್ರ ತೊಡಕು. ಅವರ ಕಣ್ಣಿಗೆ ಯಾರೂ ಮುಟ್ಟದೆಯೇ ಚೀಲ, ಟಿಫಿನ್ ಡಬ್ಬಿ, ನಿನ್ನ ತಲೆ, ಎಲ್ಲವೂ ಒಟ್ಟಿಗೇ ಮುಂದಕ್ಕೆ ಹೊರಟವು. ನ್ಯೂಟನ್ 1687ರಲ್ಲಿ ಕೊಟ್ಟ ನಿಯಮಗಳು ಅಲ್ಲಿ ಸರಿಹೊಂದಬೇಕಾದರೆ ಒಂದು ಬಲವನ್ನು ಸೇರಿಸಿಕೊಳ್ಳಬೇಕು. ಅದೇ ಹುಸಿ ಬಲ. ಅದನ್ನು ಹಾಕುವ ವಸ್ತು ಯಾವುದೂ ಇರುವುದಿಲ್ಲ. ಹಗುರ ಡಬ್ಬಿಯಿರಲಿ, ಭಾರದ ಮೂಟೆಯಿರಲಿ, ಎಲ್ಲಕ್ಕೂ ಒಂದೇ ವೇಗೋತ್ಕರ್ಷ (ವೇಗ ಬದಲಾಗುವ ದರ) ಕೊಡುತ್ತದೆ. ಅದರ ಗುರುತು ಇವೆರಡು.

ನಿನ್ನ ಎರಡನೇ ಪ್ರಶ್ನೆಗೆ ಬರುತ್ತೇನೆ, ನನಗೆ ಹೆಚ್ಚು ಸಂಕಟ ತಂದದ್ದು ಅದೇ. ಆ ಬಾಯಿಪಾಠವನ್ನು ದಯವಿಟ್ಟು ಬಿಟ್ಟುಬಿಡು. ಭೌತಶಾಸ್ತ್ರ ಕಲಿಸಲು ನಾನು 31 ವರ್ಷ ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲೇ ಓಡಾಡಿದವಳು. ಡ್ರೈವರ್ ಎದುರಿನ ದೇವರ ಪಟಕ್ಕೆ ಬೆಳಿಗ್ಗೆ ಶಂಕರಪುರ ಮಲ್ಲಿಗೆಯ ಚೆಂಡು ಏರಿಸಿ, ಒಂದು ಗೇಣು ಕೆಳಗೆ ಇಳಿಬಿಡುತ್ತಾರಲ್ಲ, ನಾನು ನೋಡುತ್ತಿದ್ದದ್ದು ಆ ತುದಿಯನ್ನು. ಉಚ್ಚಿಲದ ಹತ್ತಿರ ನೇರ ರಸ್ತೆ ಸಿಕ್ಕಿ ಬಸ್ಸು ಒಂದೇ ವೇಗದಲ್ಲಿ ಓಡುವಾಗ ಮಾಲೆ ನೆಟ್ಟಗೆ ಕೆಳಕ್ಕೆ ತೂಗುತ್ತದೆ, ಡಿಪೋದಲ್ಲಿ ನಿಂತ ಬಸ್ಸಿನಲ್ಲಿ ತೂಗುವ ಹಾಗೆಯೇ. ಮಾಲೆಯ ಮಟ್ಟಿಗೆ ಆ ಬಸ್ಸೂ ಈ ಬಸ್ಸೂ ಒಂದೇ. ಎರಡೂ ಜಡತ್ವದ ಚೌಕಟ್ಟುಗಳೇ, ಅಂದರೆ ಹುಸಿ ಬಲ ಸೇರಿಸದೆಯೇ ನ್ಯೂಟನ್ ನಿಯಮಗಳು ಸರಿಹೊಂದುವ ಜಾಗಗಳು. 60 ಕಿ.ಮೀ. ವೇಗದಿಂದ 4 ಸೆಕೆಂಡಿನಲ್ಲಿ ಬಸ್ಸು ನಿಲ್ಲುವಾಗ ಅದೇ ಮಾಲೆ ಸುಮಾರು 23 ಡಿಗ್ರಿ ಮುಂದಕ್ಕೆ ವಾಲುತ್ತದೆ. ಎಡಕ್ಕೆ ತಿರುಗುವಾಗ ಬಲಕ್ಕೆ ಹೋಗುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಸ್ಪೀಡೋಮೀಟರ್ ಮುಳ್ಳು ಕದಲದೆ ಇದ್ದರೂ ಮಾಲೆ ವಾಲುತ್ತದೆ, ಯಾಕೆಂದರೆ ವೇಗದ ದಿಕ್ಕು ಬದಲಾಗುತ್ತಿದೆ. ಓಡುತ್ತಿದೆಯೇ ನಿಂತಿದೆಯೇ ಎಂಬುದಲ್ಲ, ವೇಗವೋ ದಿಕ್ಕೋ ಬದಲಾಗುತ್ತಿದೆಯೇ ಎಂಬುದೇ ಪ್ರಶ್ನೆ.

ಕಂಡಕ್ಟರನ್ನೂ ಗಮನಿಸು. ಕಂಬಿ ಹಿಡಿಯದೆ ಟಿಕೆಟ್ ಕೊಡುತ್ತಾನೆ. ಸ್ಟಾಪ್ ಹತ್ತಿರ ಬಂತೆಂದರೆ ಬ್ರೇಕಿಗೆ ಮೊದಲೇ ಒಂದು ಕಾಲು ಮುಂದಿಟ್ಟು ಸೊಂಟ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಸೂತ್ರ ಅವನ ಕಾಲಲ್ಲಿದೆ.

ಬಸ್ಸಿನ ಕುಲುಕಾಟ ಬೇಡವೆಂದರೆ ಕೊಂಕಣ ರೈಲಿಗೆ ಹೋಗು. ಕ್ರಾಸಿಂಗ್‌ಗೆ ನಿಂತಾಗ ಪಕ್ಕದ ರೈಲು ಮೆಲ್ಲನೆ ಹೊರಟರೆ ನಮ್ಮದೇ ಹೊರಟಿತು ಅನಿಸುತ್ತದೆ. ಹೌದೋ ಅಲ್ಲವೋ ಎಂದು ತಿಳಿಯಲು ಪ್ಲಾಟ್‌ಫಾರ್ಮಿನ ಕಡೆ ತಿರುಗಿ ನೋಡುತ್ತೇವೆ, ನಮ್ಮ ಡಬ್ಬಿಯೊಳಗೆ ಉತ್ತರ ಸಿಗುವುದಿಲ್ಲ. ಗೆಲಿಲಿಯೊ 1632ರಲ್ಲೇ ಇದನ್ನು ಬರೆದ: ಹಡಗಿನ ಮುಚ್ಚಿದ ಕೋಣೆಯಲ್ಲಿ ಕೂತವನು ತೊಟ್ಟಿಕ್ಕುವ ನೀರನ್ನೂ ಹಾರುವ ಚಿಟ್ಟೆಯನ್ನೂ ಎಷ್ಟು ನೋಡಿದರೂ ಹಡಗು ಒಂದೇ ಸಮನೆ ಸಾಗುತ್ತಿದೆಯೋ ನಿಂತಿದೆಯೋ ಹೇಳಲಾರ.

ಹಾಗಾದರೆ ರಸ್ತೆ ಬದಿಯಲ್ಲಿ ನಿಂತವರ ಚೌಕಟ್ಟು ಪಕ್ಕಾ ಜಡತ್ವದ್ದೇ? ಅದೂ ಅಲ್ಲ. ಭೂಮಿ ತಿರುಗುತ್ತಿದೆ, ಉಡುಪಿಯ ರಥಬೀದಿ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಾ ಸುತ್ತು ಹಾಕುತ್ತಿದೆ. ಆ ತಿರುಗುವಿಕೆಯ ವೇಗೋತ್ಕರ್ಷ ಗುರುತ್ವದ 300ರಲ್ಲಿ ಒಂದು ಪಾಲಿನಷ್ಟು ಮಾತ್ರ, ಆದ್ದರಿಂದ ಬಸ್ಸಿನ ಲೆಕ್ಕಕ್ಕೆ ಅದನ್ನು ಬಿಡಬಹುದು. ಆದರೆ ನಮ್ಮ ಮೀನುಗಾರರು ಹೆದರುವ ಅರಬ್ಬಿ ಸಮುದ್ರದ ಚಂಡಮಾರುತ ಅಪ್ರದಕ್ಷಿಣವಾಗಿಯೇ ಸುತ್ತುವುದು ಭೂಮಿಯ ಈ ತಿರುಗುವಿಕೆಯಿಂದ. 1851ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ವಿಜ್ಞಾನಿ ಫೂಕೊ 67 ಮೀಟರ್ ತಂತಿಗೆ 28 ಕಿಲೋ ಗುಂಡು ಕಟ್ಟಿ ತೂಗಾಡಲು ಬಿಟ್ಟಾಗ, ಕೆಳಗೆ ಭೂಮಿ ತಿರುಗುತ್ತಿದ್ದುದರಿಂದ ಅದು ತೂಗುವ ದಿಕ್ಕು ತಾನಾಗಿ ತಿರುಗುತ್ತಾ ಹೋಯಿತು. ಅಲ್ಲಿ ಒಂದು ಸುತ್ತಿಗೆ ಸುಮಾರು 32 ಗಂಟೆ. ಸಮಭಾಜಕಕ್ಕೆ ಹತ್ತಿರವಿರುವ ಉಡುಪಿಯಲ್ಲಿ ಅಂಥದೇ ಲೋಲಕ ತೂಗಿಸಿದರೆ ಸುಮಾರು 104 ಗಂಟೆ ಬೇಕು, ನಾಲ್ಕು ದಿನಕ್ಕೂ ಮೇಲೆ.

ನಾಳೆ ಬಸ್ಸಿನಲ್ಲಿ ಒಂದು ದಾರಕ್ಕೆ ಬೀಗದ ಕೈ ಕಟ್ಟಿ ಹಿಡಿದುಕೋ. ತಿರುವಿಗೆ ಮೊದಲೇ ಅದು ಎತ್ತ ವಾಲುತ್ತದೆಂದು ಬರೆದಿಟ್ಟು ಆಮೇಲೆ ನೋಡು. ತಪ್ಪಿಲ್ಲದೆ ಹೇಳಲು ಬಂದ ಮೇಲೆ, ಜಾತ್ರೆಯಲ್ಲಿ ಮಾರುವ ಗ್ಯಾಸ್ ಬಲೂನು ತಂದು ಗಾಜು ಏರಿಸಿದ ಕಾರಿನಲ್ಲಿ ದಾರ ಹಿಡಿದು ಕೂತುಕೋ. ಬ್ರೇಕ್ ಹಾಕಿದಾಗ ನೀನು ಮುಂದಕ್ಕೆ ಬಾಗುತ್ತೀ, ಬಲೂನು ಹಿಂದಕ್ಕೆ ಹೋಗುತ್ತದೆ. ಕಾರಿನೊಳಗೆ ತುಂಬಿರುವ ಗಾಳಿಗೂ ಜಡತ್ವವಿದೆ ಎಂಬಷ್ಟು ಸುಳಿವು ಕೊಡುತ್ತೇನೆ. ಕಾರಣ ಏನೆಂದು ನೀನೇ ಬರೆದು ಕಳಿಸು.